ಜರ್ಮನಿಗೆ ಓದೋಕೆ ಹೊರಟಿರೋ ಮೈಸೂರು ಮಂಡ್ಯ ಹುಡುಗ್ರಿಗೆ: ಗೊತ್ತಿಲ್ದೋರ ಜೊತೆ ಒಂದೇ ಮನೇಲಿ ಮೊದಲ ದಿನಗಳು

ಜುಲೈ ಆಗಸ್ಟ್ ಬಂದ್ರೆ ಸಾಕು, ಸರಸ್ವತಿಪುರಂ, ಕುವೆಂಪುನಗರ, ಅತ್ಲಾಗೆ ಮಂಡ್ಯದ ಅಶೋಕನಗರ, ಎಲ್ಲಾದ್ರೂ ಒಂದ್ ಮನೇಲಿ ಸೂಟ್‌ಕೇಸ್ ತೂಕ ಹಾಕೋ ಕೆಲಸ ಶುರುವಾಗಿರುತ್ತೆ. ಜರ್ಮನಿಲಿ ಹೆಚ್ಚಿನ ಯೂನಿವರ್ಸಿಟಿಗಳ ವಿಂಟರ್ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು, ಹಂಗಾಗಿ ನಮ್ಮ ಮಕ್ಕಳು ದಸರಾಗೆ ಮುಂಚೆನೇ ಹೊರಟುಬಿಡ್ತಾರೆ. ನಾನು ಅಲ್ಲಿ ಮಾಸ್ಟರ್ಸ್ ಮುಗಿಸಿ ಈಗ ವಾಪಸ್ ಮೈಸೂರಲ್ಲೇ ಇದೀನಿ, ಅದಕ್ಕೇ ಗೊತ್ತಿರೋರು ಅವರ ಗೊತ್ತಿರೋರು ಎಲ್ಲಾ ಫೋನ್ ಮಾಡ್ತಾರೆ, ಜಾಕೆಟ್ ಇಲ್ಲೇ ತಗೊಳ್ಳೋದಾ ಅಲ್ಲೇನಾ, ಕುಕ್ಕರ್ ಎಷ್ಟು ಲೀಟರ್‌ದು ಸಾಕು, ಉಪ್ಪಿನಕಾಯಿ ಎಷ್ಟು ಕೆಜಿ ಬಿಡ್ತಾರೆ ಅಂತ. ಆದ್ರೆ ಅಲ್ಲಿ ಒಂದೇ ಅಡುಗೆಮನೆ, ಒಂದೇ ಬಾತ್‌ರೂಮು ಹಂಚ್ಕೊಂಡು ಮೂರು ನಾಲ್ಕು ಜನ ಮುಖಪರಿಚಯನೂ ಇಲ್ದೋರ ಜೊತೆ ಹೇಗಿರ್ಬೇಕು ಅಂತ ಕೇಳೋರು ತುಂಬಾ ಕಮ್ಮಿ. ನಾನು ನೋಡಿರೋ ಪ್ರಕಾರ ಮೊದಲನೇ ಸೆಮಿಸ್ಟರ್ ನೆಮ್ಮದಿಯಾಗಿ ಹೋಗುತ್ತಾ ಇಲ್ವಾ ಅನ್ನೋದನ್ನ ಕ್ಲಾಸ್‌ಗಿಂತ ಜಾಸ್ತಿ ಆ ಮನೆನೇ ತೀರ್ಮಾನ ಮಾಡುತ್ತೆ, ಅದಕ್ಕೇ ಇದನ್ನ ಉದ್ದಕ್ಕೆ ಬರೀತಿದೀನಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ನಮ್ಮ ಮನೆಗಳಲ್ಲಿ ಯಾರಿಗೆ ಹಸಿವಾಗಿದೆ, ಯಾರಿಗೆ ಬೇಜಾರಾಗಿದೆ ಅಂತ ಹೇಳ್ದೇನೇ ಗೊತ್ತಾಗುತ್ತೆ, ಮುಖ ನೋಡಿ ಅಮ್ಮ ತಟ್ಟೆ ಹಾಕ್ತಾರೆ. ಅಲ್ಲಿ ಹೇಳದೇ ಇದ್ದಿದ್ದು ಯಾರಿಗೂ ಗೊತ್ತಾಗಲ್ಲ. ನಿಮಗೆ ಏನು ಬೇಕು, ಏನು ಆಗಲ್ಲ, ಏನು ಅರ್ಥ ಆಗ್ಲಿಲ್ಲ, ಇಷ್ಟನ್ನೂ ಬಾಯಿಬಿಟ್ಟು ಹೇಳ್ಬೇಕು, ಅದೂ ಮೊದಲ ವಾರದಲ್ಲೇ ಹೇಳ್ಬೇಕು. ಮೂರು ತಿಂಗಳು ಸುಮ್ನಿದ್ದು ಆಮೇಲೆ ಹೇಳಿದ್ರೆ ಅವರಿಗೂ ಶಾಕು, ನಿಮಗೂ ಅಷ್ಟು ದಿನ ಒಳಗೊಳಗೇ ನೋವು.

ಹೊರಡೋಕೆ ಮುಂಚೆ

ಹೀಗೆ ಹಂಚ್ಕೊಂಡಿರೋ ಮನೆಗೆ ಅಲ್ಲಿ ವೇ-ಗೇ ಅಂತಾರೆ. ರೂಮ್ ಸಿಕ್ಕಿ ಒಪ್ಪಂದ ಆದ ತಕ್ಷಣ ಆ ಮನೆಯಲ್ಲಿರೋರಿಗೆ ಒಂದು ಮೆಸೇಜ್ ಹಾಕಿ. ನಾನು ಇಂಥೋನು, ಮೈಸೂರಿಂದ ಬರ್ತಿದೀನಿ, ಇಂಥಾ ಕೋರ್ಸು, ಇಂಥಾ ದಿನ ಇಷ್ಟು ಗಂಟೆಗೆ ಬರ್ತೀನಿ, ಕೀ ಯಾರ ಹತ್ರ ತಗೊಳ್ಳಲಿ ಅಂತ. ಅದ್ರಲ್ಲೇ ಇನ್ನೆರಡು ಪ್ರಶ್ನೆ ಕೇಳಿ: ರೂಮಲ್ಲಿ ಮಂಚ ಹಾಸಿಗೆ ಇದೆಯಾ (ಖಾಲಿ ರೂಮ್ ಕೊಡೋದು ಅಲ್ಲಿ ಮಾಮೂಲಿ, ಕೆಲವು ಸಲ ಸೀಲಿಂಗಲ್ಲಿ ಬಲ್ಬ್ ಕೂಡ ಇರಲ್ಲ), ಒಲೆ ಇಂಡಕ್ಷನ್ನಾ ಅಥವಾ ಮಾಮೂಲಿ ಗ್ಲಾಸ್ ಟಾಪ್ ಕರೆಂಟ್ ಒಲೆನಾ. ಈ ಎರಡನೇದು ಯಾಕೆ ಅಂದ್ರೆ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿನೇ ಆಗಲ್ಲ, ಅದಕ್ಕೆ ಇಂಡಕ್ಷನ್ ತಳ ಇರೋ ಸ್ಟೀಲ್ ಕುಕ್ಕರೇ ಬೇಕು. ಮೂರು ಲೀಟರ್‌ದು ಸಾಕು.

ಮುಖ ನೋಡದೆ, ವೀಡಿಯೋ ಕಾಲಲ್ಲಿ ಮನೆ ನೋಡದೆ, ಒಪ್ಪಂದ ಇಲ್ಲದೆ ಯಾರಿಗೂ ದುಡ್ಡು ಹಾಕ್ಬೇಡಿ. ನಾನು ಬೇರೆ ದೇಶದಲ್ಲಿದೀನಿ, ಡೆಪಾಸಿಟ್ ಹಾಕಿದ್ರೆ ಕೀ ಪೋಸ್ಟಲ್ಲಿ ಕಳಿಸ್ತೀನಿ ಅನ್ನೋರು ಮೋಸಗಾರ್ರು, ಇದ್ರಲ್ಲಿ ಅನುಮಾನ ಇಟ್ಕೋಬೇಡಿ. ಕಾನೂನು ಪ್ರಕಾರ ಡೆಪಾಸಿಟ್ ಮೂರು ತಿಂಗಳ ಬರೀ ಬಾಡಿಗೆಗಿಂತ (ಹೀಟಿಂಗು ನೀರು ಇತ್ಯಾದಿ ಸೇರಿಸ್ದೆ) ಜಾಸ್ತಿ ಇರೋ ಹಾಗಿಲ್ಲ, ಅದನ್ನೂ ಮೂರು ತಿಂಗಳು ಮೂರು ಕಂತಲ್ಲಿ ಕಟ್ಟೋ ಹಕ್ಕಿದೆ, ಕೇಳಿ.

ಆದಷ್ಟು ವಾರದ ಮಧ್ಯ ಇಳಿಯೋ ಹಾಗೆ ಟಿಕೆಟ್ ಮಾಡಿ. ಭಾನುವಾರ ಅಲ್ಲಿ ಅಂಗಡಿ ಬಾಗಿಲು ಮುಚ್ಚಿರುತ್ತೆ, ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ, ಕೆಲವು ಬೇಕರಿ ಬಿಟ್ರೆ ಏನೂ ಇಲ್ಲ. ಶನಿವಾರ ರಾತ್ರಿ ಇಳಿದು ಭಾನುವಾರ ಪೂರ್ತಿ ಚಳಿಗೆ ರಗ್ಗಿಲ್ದೆ ಅಕ್ಕಿ ಇಲ್ದೆ ಕೂತ್ಕೊಳ್ಳೋ ಕಷ್ಟ ಯಾರಿಗೂ ಬೇಡ. ಮೈಸೂರಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಸೀದಾ ಬೆಂಗಳೂರು ಏರ್‌ಪೋರ್ಟಿಗೇ ಹೋಗುತ್ತೆ, ಲಗೇಜ್ ಇಟ್ಕೊಂಡು ಮೆಜೆಸ್ಟಿಕ್ಕಲ್ಲಿ ಬದಲಾಯಿಸೋ ತಾಪತ್ರಯ ಇಲ್ಲ.

ತಿಂಡಿ ವಿಷಯಕ್ಕೆ ಬಂದ್ರೆ, ಅಮ್ಮಂದಿರು ದಯವಿಟ್ಟು ಓದಿ. ತುಪ್ಪ, ಖೋವಾ, ಪನೀರು, ಯಾವುದೇ ಮಾಂಸದ ಪದಾರ್ಥ, ಇವೆಲ್ಲ ಯೂರೋಪಿಯನ್ ಯೂನಿಯನ್ ಒಳಗೆ ಹೊರಗಿಂದ ತರೋ ಹಾಗಿಲ್ಲ. ಹಸಿ ಕರಿಬೇವು, ವೀಳ್ಯದೆಲೆ ಕೂಡ ಸರ್ಟಿಫಿಕೇಟ್ ಇಲ್ದೆ ಬಿಡಲ್ಲ, ಕರಿಬೇವು ಒಣಗಿಸಿ ಪುಡಿ ಮಾಡಿ ಕೊಡಿ. ಒಣ ಕೊಬ್ಬರಿ ಬೇಡ, ಅದ್ರಲ್ಲಿ ಎಣ್ಣೆ ಇರೋದ್ರಿಂದ ಬೆಂಕಿ ಹತ್ಕೊಳ್ಳುತ್ತೆ ಅಂತ ನಮ್ಮ ಏರ್‌ಪೋರ್ಟಲ್ಲೇ ತೆಗೆಸ್ತಾರೆ. ಇನ್ನು ದುಬೈ ಅಥವಾ ಅಬುಧಾಬಿ ಮೂಲಕ ಹೋಗೋರು ಗಸಗಸೆ ಒಂದು ಕಾಳೂ ಇಟ್ಕೋಬೇಡಿ, ಯುಎಇಲಿ ಅದು ಮಾದಕವಸ್ತು ಲೆಕ್ಕ, ಜೈಲೂ ಆಗ್ಬಹುದು, ಅದಕ್ಕೇ ಮನೇಲಿ ಮಾಡಿದ ಸಾರಿನ ಮಸಾಲೆಗೆ ಗಸಗಸೆ ಬಿದ್ದಿದೆಯಾ ಅಂತ ಅಜ್ಜೀನೇ ಕೇಳಿ ಖಾತ್ರಿ ಮಾಡ್ಕೊಂಡು ಪ್ಯಾಕ್ ಮಾಡಿ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಹುರಿಹಿಟ್ಟು, ಒಂದೆರಡು ಕೆಜಿ ರಾಗಿಹಿಟ್ಟು, ಕಾಫಿ ಪುಡಿ, ಒಂದು ಚಿಕ್ಕ ಸ್ಟೀಲ್ ಫಿಲ್ಟರು, ಒಂದು ಮುದ್ದೆ ಕೋಲು. ಇಷ್ಟಿದ್ರೆ ಮೊದಲ ತಿಂಗಳು ಆರಾಮ. ಅಕ್ಕಿ ಬೇಳೆ ಅಲ್ಲಿ ಎಲ್ಲಾ ಊರಲ್ಲೂ ಏಷ್ಯನ್ ಅಂಗಡಿಲಿ ಸಿಗುತ್ತೆ, ಅದನ್ನ ಹೊತ್ಕೊಂಡು ಹೋಗ್ಬೇಡಿ.

ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗಲ್ಲ, ಎರಡು ಪಿನ್ನಿನ ಫೋನ್ ಚಾರ್ಜರ್ ಹೋಗುತ್ತೆ. ಒಂದು ಅಡಾಪ್ಟರ್ ಸಾಕು. ನಮ್ಮ ಸಿಮ್‌ಗೆ ರೋಮಿಂಗ್ ಆನ್ ಮಾಡಿಸ್ಕೊಂಡೇ ಹೋಗಿ, ಇಲ್ಲಾಂದ್ರೆ ಬ್ಯಾಂಕ್ ಓಟಿಪಿ ಬರದೆ ಒದ್ದಾಡ್ತೀರ.

ಕೀ ಕೈಗೆ ಸಿಕ್ಕ ದಿನ

ಸುಸ್ತಾಗಿರುತ್ತೆ, ಮಲಗ್ಬೇಕು ಅನ್ಸುತ್ತೆ, ಆದ್ರೂ ಅರ್ಧ ಗಂಟೆ ಇದಕ್ಕೆ ಕೊಡಿ. ರೂಮಿನ ಗೋಡೆ, ನೆಲ, ಕಿಟಕಿ, ಹೀಟರ್, ಎಲ್ಲೆಲ್ಲಿ ಗೀಚಿದೆಯೋ ಕಲೆ ಇದೆಯೋ ಎಲ್ಲಾ ಫೋಟೋ ತೆಗೆದು ಮನೆ ಕೊಟ್ಟೋರಿಗೆ ಅವತ್ತೇ ಮೇಲ್ ಮಾಡಿ. ಬಿಡುವಾಗ ಡೆಪಾಸಿಟ್ ವಾಪಸ್ ಬರೋಕೆ ಇದೇ ಸಾಕ್ಷಿ.

ಆಮೇಲೆ ಕೆಳಗಿನ ಪೋಸ್ಟ್ ಡಬ್ಬಿ ಮೇಲೆ, ಬೆಲ್ ಮೇಲೆ ನಿಮ್ಮ ಹೆಸರು ಹಾಕಿಸಿ. ಇದು ಚಿಕ್ಕ ವಿಷಯ ಅನ್ಸುತ್ತೆ, ಆದ್ರೆ ಅಲ್ಲಿ ಸಾಮಾನ್ಯವಾಗಿ ಅಪಾರ್ಟ್‌ಮೆಂಟಲ್ಲಿ ನಮ್ಮ ಥರ ಮನೆ ನಂಬರ್ ಹಾಕಿ ಕಾಗದ ಬರಲ್ಲ, ಡಬ್ಬಿ ಮೇಲಿನ ಹೆಸರು ನೋಡಿ ಪೋಸ್ಟ್ ಹಾಕ್ತಾರೆ. ಹೆಸರಿಲ್ಲ ಅಂದ್ರೆ ಕಾಗದ ವಾಪಸ್. ಬ್ಯಾಂಕ್ ಕಾರ್ಡು, ಅದರ ಪಿನ್ನು, ಇನ್ಶೂರೆನ್ಸ್ ಕಾರ್ಡು, ಟ್ಯಾಕ್ಸ್ ನಂಬರು, ಎಲ್ಲಾ ಅಲ್ಲಿ ಪೋಸ್ಟಲ್ಲೇ ಬರೋದು. ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಹಾಕಿ, ನಮ್ಮಲ್ಲಿ ಇನಿಶಿಯಲ್ಲು, ಅಪ್ಪನ ಹೆಸರು, ಊರ ಹೆಸರು ಎಲ್ಲಾ ಸೇರಿ ಸರ್‌ನೇಮ್ ಏನು ಅಂತ ಅವರಿಗೆ ಗೊತ್ತಾಗಲ್ಲ, ಎರಡೂ ಹೆಸರು ಬರ್ದಿದ್ರೆ ಒಳ್ಳೇದು.

ಬಾಗಿಲ ಬಗ್ಗೆ. ಅಲ್ಲಿನ ಹೆಚ್ಚಿನ ಬಾಗಿಲುಗಳಿಗೆ ಹೊರಗಡೆ ತಿರುಗಿಸೋ ಹಿಡಿ ಇರಲ್ಲ, ಎಳೆದ್ರೆ ಮುಗೀತು, ಕೀ ಇಲ್ದೆ ತೆಗೆಯೋಕಾಗಲ್ಲ. ಕಸ ಹಾಕೋಕೆ ಹೋದ್ರೂ ಕೀ ಜೇಬಲ್ಲಿರ್ಲಿ. ರಾತ್ರಿ ಬೀಗದೋರ್ನ ಕರೆಸಿದ್ರೆ ನೂರಾರು ಯೂರೋ ಹೋಗುತ್ತೆ. ಕೀ ಕಳೆದ್ರೆ ಇನ್ನೂ ಕಷ್ಟ, ಇಡೀ ಬಿಲ್ಡಿಂಗಿಗೆ ಒಂದೇ ಲಾಕ್ ಸಿಸ್ಟಮ್ ಇದ್ರೆ ಎಲ್ಲಾ ಬದಲಾಯಿಸೋ ಖರ್ಚು ನಿಮ್ಮ ತಲೆ ಮೇಲೆ ಬರ್ಬಹುದು. ಅದಕ್ಕೇ ಹಾಫ್ಟ್‌ಫ್ಲಿಷ್ಟ್ ಅನ್ನೋ ಇನ್ಶೂರೆನ್ಸ್ ಮಾಡಿಸ್ಕೊಳ್ಳಿ, ವರ್ಷಕ್ಕೆ ನೂರು ಯೂರೋಗಿಂತ ಕಮ್ಮಿಲೇ ಸಿಗುತ್ತೆ, ಕೀ ಕಳೆದ್ರೂ ಕವರ್ ಆಗುತ್ತಾ ಅಂತ ಕೇಳಿ ಮಾಡಿಸಿ. ಪಕ್ಕದ ಹುಡುಗನ ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದ್ರೂ ಇದೇ ಕಾಪಾಡೋದು.

ಎರಡು ವಾರದ ಕಾಗದ ಪತ್ರ

ಮನೆಗೆ ಬಂದ ಎರಡು ವಾರದೊಳಗೆ ಊರಿನ ಆಫೀಸಲ್ಲಿ ವಿಳಾಸ ನೋಂದಣಿ ಮಾಡಿಸ್ಬೇಕು, ಆನ್‌ಮೆಲ್ಡುಂಗ್ ಅಂತಾರೆ, ಇದು ಕಾನೂನು. ಇದಕ್ಕೆ ಮನೆ ಕೊಟ್ಟೋರು ಸಹಿ ಹಾಕಿದ ಒಂದು ಪತ್ರ ಬೇಕೇಬೇಕು. ನಿಮಗೆ ರೂಮ್ ಕೊಟ್ಟೋನು ಅದೇ ಮನೆಯ ಮುಖ್ಯ ಬಾಡಿಗೆದಾರ ಆಗಿದ್ರೆ ಅವನೇ ಕೊಡ್ಬಹುದು. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಮೈಸೂರಲ್ಲಿ ಕೂತೇ ಆನ್‌ಲೈನಲ್ಲಿ ಬುಕ್ ಮಾಡ್ಕೊಂಡುಬಿಡಿ. ಯಾರಾದ್ರೂ ರೂಮ್ ಕೊಡ್ತೀನಿ ಆದ್ರೆ ಈ ನೋಂದಣಿಗೆ ಪತ್ರ ಕೊಡಲ್ಲ ಅಂದ್ರೆ ಎಷ್ಟೇ ಅಗ್ಗ ಇದ್ರೂ ಬೇಡ ಅನ್ನಿ, ಯಾಕಂದ್ರೆ ಟ್ಯಾಕ್ಸ್ ನಂಬರು, ರೆಸಿಡೆನ್ಸ್ ಪರ್ಮಿಟ್ಟು, ಎಷ್ಟೋ ಕಡೆ ಬ್ಯಾಂಕ್ ಖಾತೆ ಕೂಡ ಇದ್ರ ಮೇಲೇ ನಿಂತಿರೋದು.

ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟಲ್ಲಿ ವರ್ಷಕ್ಕೆ 11,904 ಯೂರೋ ಇಟ್ಟಿರ್ತೀರಲ್ಲ (2024ರ ಸೆಪ್ಟೆಂಬರಿಂದ ಜಾರಿಯಾದ ಮೊತ್ತ ಇದು), ಅದು ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬರೋದು, ಅದೂ ಅಲ್ಲಿ ಬ್ಯಾಂಕ್ ಖಾತೆ ತೆಗೆದು ಎಲ್ಲಾ ಜೋಡಿಸಿದ ಮೇಲೆ. ಅಲ್ಲೀವರೆಗೂ ಬಾಡಿಗೆ, ಡೆಪಾಸಿಟ್ಟು, ಹಾಸಿಗೆ, ಊಟ ಎಲ್ಲಕ್ಕೂ ಬೇರೆ ದುಡ್ಡು ಬೇಕು. ಫಾರೆಕ್ಸ್ ಕಾರ್ಡಲ್ಲಿ ಎರಡು ತಿಂಗಳಿಗಾಗೋಷ್ಟು ಇಟ್ಕೊಳ್ಳಿ. ಅಪ್ಪಂದಿರು ಬ್ಲಾಕ್ಡ್ ಅಕೌಂಟಲ್ಲಿ ಹಾಕಿದೀವಲ್ಲ ಅಂತ ಧೈರ್ಯವಾಗಿರ್ತಾರೆ, ಇಳಿದ ದಿನ ಅದ್ರಲ್ಲಿ ಒಂದು ರೂಪಾಯೂ ಕೈಗೆ ಬರಲ್ಲ ಅಂತ ಅವರಿಗೆ ತಿಳಿಸಿ.

ನೋಂದಣಿ ಆದ ಕೆಲವು ವಾರಕ್ಕೆ ರೇಡಿಯೋ ಟಿವಿ ಶುಲ್ಕ ಕಟ್ಟಿ ಅಂತ ಒಂದು ಕಾಗದ ಬರುತ್ತೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ವಲ್ಲ ಅಂತ ಬಿಸಾಕ್ಬೇಡಿ, ಟಿವಿ ಇರ್ಲಿ ಬಿಡ್ಲಿ ಮನೆಗೆ ಒಂದು ಅಂತ ಕಟ್ಟಲೇಬೇಕು. ಆದ್ರೆ ಮನೆಗೆ ಒಂದೇ. ಫ್ಲಾಟಲ್ಲಿ ಆಗ್ಲೇ ಒಬ್ರು ಕಟ್ತಿದ್ರೆ ಅವರ ನಂಬರ್ ಕೇಳಿ ತಗೊಂಡು ಉತ್ತರ ಬರೀರಿ, ನಿಮ್ಮ ಪಾಲು ಅವರಿಗೆ ಕೊಡಿ.

ಅಡುಗೆಮನೆ

ಜಗಳ ಆಗೋದೂ ಇಲ್ಲೇ, ಸ್ನೇಹ ಆಗೋದೂ ಇಲ್ಲೇ. ಬಂದ ಮೊದಲ ಸಂಜೆ ಯಾರು ಮನೇಲಿದಾರೋ ಅವರನ್ನ ಕರೆದು ಕೇಳಿ: ಫ್ರಿಜ್ಜಲ್ಲಿ ನನ್ನ ಜಾಗ ಯಾವುದು, ಯಾವ ಪಾತ್ರೆ ಎಲ್ರದ್ದು, ಯಾವುದು ಯಾರೊಬ್ಬರದ್ದೇ, ಎಣ್ಣೆ ಉಪ್ಪು ಟಾಯ್ಲೆಟ್ ಪೇಪರ್ ಇವೆಲ್ಲ ಒಟ್ಟಿಗೆ ತರ್ತೀರಾ. ಹೆಚ್ಚಿನ ಮನೆಗಳಲ್ಲಿ ಇಂಥದ್ದಕ್ಕೆ ಎಲ್ರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಒಂದು ಡಬ್ಬಿ ಇಟ್ಟಿರ್ತಾರೆ, ಇಲ್ಲಾಂದ್ರೆ ಸ್ಪ್ಲಿಟ್‌ವೈಸ್ ಅನ್ನೋ ಖರ್ಚು ಹಂಚೋ ಆ್ಯಪಲ್ಲಿ ಬರ್ಕೊತಾರೆ. ಐವತ್ತು ಸೆಂಟೂ ಬರೀತಾರಲ್ಲ ಅಂತ ಮನಸ್ಸಿಗೆ ಹಚ್ಕೋಬೇಡಿ. ಬರ್ದಿಟ್ರೆ ಯಾರಿಗೂ ಯಾರ ಮೇಲೂ ಬೇಸರ ಉಳಿಯಲ್ಲ ಅನ್ನೋದು ಅವರ ಲೆಕ್ಕ, ಸ್ವಲ್ಪ ದಿನ ಆದ್ಮೇಲೆ ಅದೇ ಸರಿ ಅಂತ ನಿಮಗೂ ಅನ್ಸುತ್ತೆ.

ನೀವು ಸಸ್ಯಾಹಾರಿ ಆಗಿದ್ರೆ ಅವತ್ತೇ ಹೇಳಿ. ನನ್ನ ಪ್ಯಾನಲ್ಲಿ ಮಾಂಸ ಮಾಡ್ಬೇಡಿ, ಬೇಕಾದ್ರೆ ಬೇರೆ ಎಲ್ಲಾ ಪಾತ್ರೆ ಬಳಸಿ ಅಂತ ನೇರವಾಗಿ. ಜರ್ಮನ್ ಹುಡುಗ್ರಲ್ಲೇ ಮಾಂಸ ತಿನ್ನದೇ ಇರೋರು, ಹಾಲು ಮೊಟ್ಟೆನೂ ಬಿಟ್ಟೋರು ಬೇಕಾದಷ್ಟು ಇದಾರೆ, ಅವರಿಗೆ ಇದು ಹೊಸ ವಿಷಯ ಏನಲ್ಲ. ಆದ್ರೆ ಫ್ರಿಜ್ಜಲ್ಲಿ ಪಕ್ಕದ ತಟ್ಟೇಲಿ ಹಂದಿ ಮಾಂಸ ಇದ್ದೇ ಇರುತ್ತೆ, ಅದನ್ನ ತೆಗೀರಿ ಅನ್ನೋಕಾಗಲ್ಲ. ನಿಮ್ಮ ಸಾಮಾನು ಮುಚ್ಚಳ ಇರೋ ಡಬ್ಬಿಲಿ ಮೇಲಿನ ಶೆಲ್ಫಲ್ಲಿ ಇಟ್ಕೊಳ್ಳೋದು ಒಳ್ಳೇದು. ಅದೂ ಸಹಿಸೋಕಾಗಲ್ಲ ಅನ್ನೋ ಮನೆತನದೋರು ಶುರುವಿಂದ್ಲೇ ಸಸ್ಯಾಹಾರಿ ವೇ-ಗೇ ಹುಡುಕಿ, ಅಂಥವೂ ಇವೆ.

ಒಗ್ಗರಣೆ ವಿಷಯ. ನಮಗೆ ಇಂಗು ಸಾಸಿವೆ ಒಣಮೆಣಸಿನಕಾಯಿ ಘಮ ಅಂದ್ರೆ ಮನೆ ನೆನಪು, ಅವರಿಗೆ ಮೂಗು ಗಂಟಲು ಉರಿಯುತ್ತೆ, ಅದು ನಿಜವಾದ ತೊಂದ್ರೆ, ಬೇಕಂತ ಆಡೋದಲ್ಲ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆಗೀರಿ, ಚಿಮಣಿ ಹಾಕಿ, ಆಮೇಲೆ ಎಣ್ಣೆ ಇಡಿ. ಬಾಗಿಲು ಮುಚ್ಚೋಕೆ ಇನ್ನೊಂದು ಕಾರಣ, ಮಲಗೋ ಕೋಣೆ, ಕಾರಿಡಾರಲ್ಲಿ ಸ್ಮೋಕ್ ಅಲಾರಂ ಇರ್ಲೇಬೇಕು ಅಂತ ಕಾನೂನಿದೆ, ಹೊಗೆ ಹೋದ್ರೆ ಇಡೀ ಮನೆ ಕಿರುಚುತ್ತೆ. ಒದ್ದೆ ಟವೆಲ್ ಜಾಕೆಟ್ ಎಲ್ಲಾ ಅಡುಗೆಮನೆಯಿಂದ ಆಚೆ ಇಡಿ, ಇಲ್ಲಾಂದ್ರೆ ವಾಸನೆ ಬಟ್ಟೇಲಿ ಕೂತ್ಕೊಂಡು ಕ್ಲಾಸ್‌ವರೆಗೂ ಬರುತ್ತೆ. ಹೆದರ್ಕೊಂಡು ಒಗ್ಗರಣೆನೇ ಬಿಟ್ಟು ಬ್ರೆಡ್ ತಿನ್ಕೊಂಡು ಸೊರಗ್ಬೇಡಿ. ನೀವೂ ಬಾಡಿಗೆ ಕಟ್ತಿದೀರ, ಅಡುಗೆ ಮಾಡೋ ಹಕ್ಕು ನಿಮಗೂ ಅಷ್ಟೇ ಇದೆ. ಕುಕ್ಕರ್ ಮೊದಲ ಸಲ ಇಡುವಾಗ ಎಲ್ರಿಗೂ ಹೇಳಿ, ಈಗ ಜೋರಾಗಿ ಸೀಟಿ ಹೊಡಿಯುತ್ತೆ, ಮಾಮೂಲಿ ಅಂತ. ಗೊತ್ತಿಲ್ದೋರು ನಿಜವಾಗ್ಲೂ ಗಾಬರಿ ಬೀಳ್ತಾರೆ.

ಅರಿಶಿನ ಬಿಳಿ ಕೌಂಟರ್ ಮೇಲೆ, ಮರದ ಸೌಟಿಗೆ, ಪ್ಲಾಸ್ಟಿಕ್ ಡಬ್ಬಿಗೆ ಹತ್ತಿದ್ರೆ ಹೋಗಲ್ಲ, ತಕ್ಷಣ ಒರೆಸಿ, ಅವರ ಬಿಳಿ ಡಬ್ಬಿಲಿ ಸಾರು ಹಾಕಿಡ್ಬೇಡಿ. ಅವರ ನಾನ್‌ಸ್ಟಿಕ್ ಬಾಣಲೆಗೆ ಸ್ಟೀಲ್ ಸೌಟು ಹಾಕ್ಬೇಡಿ. ಅವರದ್ದು ಕಬ್ಬಿಣದ ಬಾಣಲೆ ಇದ್ರೆ ನೆನೆ ಹಾಕ್ಬೇಡಿ, ನಮ್ಮನೇ ದೋಸೆ ಕಾವಲಿ ಹೇಗೆ ಯಾರಿಗೂ ಮುಟ್ಟೋಕೆ ಬಿಡಲ್ವೋ ಅದೂ ಹಾಗೇ. ತಿಂದ ತಟ್ಟೆ ಸಿಂಕಲ್ಲಿ ನೆನೀಲಿ ಅಂತ ಬೆಳಿಗ್ಗೆವರೆಗೂ ಬಿಡೋದು ನಮ್ಮಲ್ಲಿ ರೂಢಿ, ಅಲ್ಲಿ ಬೇಡ, ತಿಂದ ಹೊತ್ತಿಗೇ ತೊಳೀರಿ. ಮನೆಕೆಲಸಕ್ಕೆ ಯಾರೂ ಬರಲ್ಲ, ಎಲ್ರೂ ಎಲ್ಲಾ ಮಾಡ್ಬೇಕು. ಗಂಡುಮಕ್ಕಳಿಗೆ ಇದನ್ನ ಬಿಡಿಸಿ ಹೇಳ್ಬೇಕು: ಹೊರಡೋಕೆ ಒಂದು ತಿಂಗಳು ಮುಂಚೆಯಿಂದ ಮನೇಲಿ ಪಾತ್ರೆ ತೊಳ್ದು, ಬಾತ್‌ರೂಮ್ ಉಜ್ಜಿ, ಅನ್ನ ಸಾರು ಮಾಡಿ ಅಭ್ಯಾಸ ಮಾಡ್ಕೊಳ್ಳಿ. ಅಮ್ಮನೂ ಬಿಡಲಿ.

ಪರಿಚಯಕ್ಕೆ ಒಳ್ಳೇ ದಾರಿ ಅಂದ್ರೆ ನಮ್ಮ ಫಿಲ್ಟರ್ ಕಾಫಿ. ಮೊದಲ ವಾರದ ಕೊನೇಲಿ ಡಿಕಾಕ್ಷನ್ ಇಳಿಸಿ ಎಲ್ರಿಗೂ ಒಂದೊಂದು ಲೋಟ ಕೊಡಿ. ಮಾತು ಹುಡುಕೋ ಕಷ್ಟನೇ ಇಲ್ಲ, ಫಿಲ್ಟರ್ ಹೇಗೆ ಕೆಲಸ ಮಾಡುತ್ತೆ ಅಂತ ಅವರೇ ಕೇಳ್ತಾರೆ. ಮೈಸೂರು ಸ್ಯಾಂಡಲ್ ಸೋಪು ಒಂದೊಂದು ತಗೊಂಡುಹೋಗಿ ಕೊಟ್ರೂ ಖುಷಿ ಪಡ್ತಾರೆ. ಊದುಬತ್ತಿ ಕೊಡೋಕೆ, ಹಚ್ಚೋಕೆ ಮುಂಚೆ ಮಾತ್ರ ಕೇಳಿ, ಹೊಗೆ ಆಗದವ್ರು ಇರ್ತಾರೆ, ದೇವರ ಮುಂದೆ ದೀಪ ಹಚ್ಚೋದಾದ್ರೂ ರೂಮಿನಿಂದ ಆಚೆ ಹೋಗುವಾಗ ಆರಿಸಿಯೇ ಹೋಗಿ.

ಬಾತ್‌ರೂಮ್, ಕಿಟಕಿ, ಕಸ

ಬಾತ್‌ರೂಮಲ್ಲಿ ಶವರ್ ಜಾಗ ಬಿಟ್ಟು ಬೇರೆ ನೆಲದಲ್ಲಿ ನೀರು ಹೋಗೋ ತೂತೇ ಇರಲ್ಲ ಸಾಮಾನ್ಯವಾಗಿ. ಬಕೆಟ್ಟಲ್ಲಿ ನೀರು ಹಿಡಿದು ಸುರ್ಕೊಂಡ್ರೆ ಕೆಳಗಿನ ಮನೆ ಸೀಲಿಂಗಿಗೆ ಇಳಿಯುತ್ತೆ. ಕರ್ಟನ್ ಒಳಗೆ ಹಾಕ್ಕೊಂಡು ಸ್ನಾನ ಮಾಡಿ, ಆಮೇಲೆ ಗಾಜು ಟೈಲ್ಸ್ ಮೇಲಿನ ನೀರನ್ನ ರಬ್ಬರ್ ಪಟ್ಟಿಲಿ ಎಳೆದು, ಕೂದಲು ತೆಗೆದು ಬನ್ನಿ. ಟಾಯ್ಲೆಟ್ಟಿಗೆ ನೀರು ಬೇಕು ಅನ್ನೋರು ಒಂದು ಬಾಟಲ್ ಇಟ್ಕೊಳ್ಳಿ, ನೆಲ ಒದ್ದೆ ಆಗ್ದೇ ಇದ್ರೆ ಯಾರಿಗೂ ತಕರಾರಿಲ್ಲ. ಹುಡುಗ್ರು ಕೂಡ ಕೂತೇ ಮೂತ್ರ ಮಾಡ್ಬೇಕು ಅನ್ನೋದು ಎಷ್ಟೋ ಮನೆಗಳಲ್ಲಿ ನಿಯಮ, ಬಾಗಿಲ ಮೇಲೆ ಚಿತ್ರ ಅಂಟಿಸಿರ್ತಾರೆ. ತೊಳೆಯೋ ಸರದಿ ನಿಮಗೂ ಬರುತ್ತೆ ಅಂತ ನೆನಪಿಟ್ಕೊಂಡ್ರೆ ಅದರ ನ್ಯಾಯ ಗೊತ್ತಾಗುತ್ತೆ.

ಸರದಿ ಪಟ್ಟಿ ಗೋಡೆ ಮೇಲೆ ಇರುತ್ತೆ, ಪುಟ್ಸ್‌ಪ್ಲಾನ್ ಅಂತ. ಈ ವಾರ ಬಾತ್‌ರೂಮ್ ಇವರು, ಮುಂದಿನ ವಾರ ಅವರು. ಸ್ಟುಟ್‌ಗಾರ್ಟ್ ಕಡೆ ಹೋಗೋರಿಗೆ ಇದ್ರ ಜೊತೆ ಮೆಟ್ಟಿಲು ಗುಡಿಸಿ ಒರೆಸೋ ಸರದಿನೂ ಬರುತ್ತೆ, ಕೇರ್‌ವೋಖೆ ಅಂತಾರೆ, ಬಾಗಿಲಿಗೆ ಬೋರ್ಡ್ ತಗುಲಿಸಿದ್ರೆ ಈ ವಾರ ನಿಮ್ಮದು. ಪರೀಕ್ಷೆ ಇದೆ ಅಂತ ಬಿಟ್ಬಿಡ್ಬೇಡಿ, ವಾರ ಬದಲಾಯಿಸ್ಕೋತೀಯಾ ಅಂತ ಕೇಳಿದ್ರೆ ಖಂಡಿತ ಒಪ್ತಾರೆ, ಹೇಳ್ದೆ ಬಿಟ್ರೆ ಮಾತ್ರ ನಂಬಿಕೆ ಹೋಗುತ್ತೆ.

ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಬಿಟ್ಟು ಮುಚ್ಚಬೇಕು. ಅಯ್ಯೋ ಚಳಿ ಅಂತ ನಮ್ಮೋರು ಇಡೀ ತಿಂಗಳು ಮುಚ್ಕೊಂಡು, ಒಳಗೇ ಬಟ್ಟೆ ಒಣಗಿಸಿ, ಅನ್ನ ಬೇಯಿಸಿ ಇದ್ರೆ ಆ ಹಬೆ ಎಲ್ಲಾ ಗೋಡೆಗೆ ಕೂತು ಕಪ್ಪು ಬೂಷ್ಟು ಹಿಡಿಯುತ್ತೆ, ಅದರ ದುಡ್ಡು ಡೆಪಾಸಿಟ್ಟಿಂದ ಹೋಗ್ಬಹುದು. ಹೀಟರ್ ತಿರುಗಿಸೋದ್ರಲ್ಲಿ ಒಂದರಿಂದ ಐದು ಇರುತ್ತೆ, ಮೂರು ಅಂದ್ರೆ ಹೆಚ್ಚುಕಮ್ಮಿ 20 ಡಿಗ್ರಿ, ಐದಕ್ಕಿಟ್ರೆ ಬೇಗ ಬಿಸಿ ಆಗಲ್ಲ, ರೂಮ್ ಅತಿಯಾಗಿ ಕಾಯೋವರೆಗೂ ನಿಲ್ಲಲ್ಲ ಅಷ್ಟೇ. ಕಿಟಕಿ ತೆಗೆದಾಗ ಹೀಟರ್ ಆರಿಸಿ. ಹೀಟಿಂಗ್ ಬಿಲ್ಲಿನ ಲೆಕ್ಕ ವರ್ಷದ ಕೊನೇಲಿ ಎಲ್ರ ಮೇಲೂ ಬರುತ್ತೆ.

ಕಸ ಬೇರೆ ಬೇರೆ: ಪೇಪರ್, ಪ್ಯಾಕಿಂಗ್ ಕವರ್, ತರಕಾರಿ ಸಿಪ್ಪೆ, ಉಳಿದಿದ್ದು. ಡಬ್ಬಿ ಬಣ್ಣ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತೆ, ಮನೆಯೋರ್ನ ಕೇಳಿ ಫೋಟೋ ತೆಗೆದಿಟ್ಕೊಳ್ಳಿ. ಗಾಜಿನ ಬಾಟಲ್ ಬೀದೀಲಿರೋ ದೊಡ್ಡ ಡಬ್ಬಿಗೆ, ಬಿಳಿ ಹಸಿರು ಕಂದು ಬೇರೆ ಬೇರೆ, ಭಾನುವಾರ ಮತ್ತೆ ರಾತ್ರಿ ಹಾಕ್ಬೇಡಿ, ಸದ್ದಾಗುತ್ತೆ. ಪ್ಲಾಸ್ಟಿಕ್ ನೀರಿನ ಬಾಟಲು, ಕ್ಯಾನು ಬಿಸಾಕ್ಬೇಡಿ, ಹೆಚ್ಚಿನವಕ್ಕೆ ಒಂದೊಂದಕ್ಕೂ 25 ಸೆಂಟು ಸೂಪರ್‌ಮಾರ್ಕೆಟ್ ಮಷೀನ್ ವಾಪಸ್ ಕೊಡುತ್ತೆ. ಅಂದ್ಹಾಗೆ ನಲ್ಲಿ ನೀರು ಧೈರ್ಯವಾಗಿ ಕುಡೀಬಹುದು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತೆ ಭಾನುವಾರ ಇಡೀ ದಿನ ಸದ್ದು ಮಾಡೋ ಹಾಗಿಲ್ಲ. ಅಡುಗೆಮನೇಲಿ ಸ್ಪೀಕರ್ ಹಾಕಿ ಮನೆಗೆ ವೀಡಿಯೋ ಕಾಲ್ ಮಾಡೋದು ನಮ್ಮೋರ ಅಭ್ಯಾಸ, ಹೆಡ್‌ಫೋನ್ ಹಾಕ್ಕೊಳ್ಳಿ.

ಮಾತು

ನೀನು ನಿನ್ನೆ ಒಲೆ ಒರೆಸಿಲ್ಲ ಅಂತ ಅವರು ಮುಖಕ್ಕೇ ಹೇಳ್ತಾರೆ. ನಮ್ಮ ಮಕ್ಕಳು ಅದನ್ನ ಕೇಳಿ ರೂಮಿಗೆ ಹೋಗಿ ಕಣ್ಣಲ್ಲಿ ನೀರು ತಗೊಂಡು, ಇವರಿಗೆ ನಾನಂದ್ರೆ ಆಗಲ್ಲ ಅಂತ ಅಮ್ಮಂಗೆ ಫೋನ್ ಮಾಡ್ತಾರೆ. ಅದು ಒಲೆ ಬಗ್ಗೆ ಮಾತ್ರ ಆಡಿದ ಮಾತು, ಒರೆಸಿದ್ರೆ ಅಲ್ಲಿಗೇ ಮುಗೀತು, ಹತ್ತು ನಿಮಿಷಕ್ಕೆ ಅವರೇ ಬಂದು ಸಿನಿಮಾಗೆ ಬರ್ತೀಯಾ ಅಂತಾರೆ. ಅದೇ ಥರ ನೀವೂ ಹೇಳ್ಬಹುದು. ಪಾರ್ಟಿ ಬುಧವಾರ ಬೇಡ, ನನಗೆ ಗುರುವಾರ ಪರೀಕ್ಷೆ ಇದೆ ಅಂತ ಹೇಳಿದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ. ಆದ್ರೆ ನಿಮ್ಮ ಬಣ್ಣದ ಬಗ್ಗೆ, ದೇಶದ ಬಗ್ಗೆ ಯಾರಾದ್ರೂ ಕೀಳಾಗಿ ಮಾತಾಡಿದ್ರೆ ಅದು ನೇರ ಮಾತಿನ ಲೆಕ್ಕಕ್ಕೆ ಬರಲ್ಲ, ಅದನ್ನ ನುಂಗ್ಬೇಡಿ, ಮನೆಯ ಉಳಿದೋರ ಮುಂದೆ ಹೇಳಿ, ಯೂನಿವರ್ಸಿಟಿ ಇಂಟರ್‌ನ್ಯಾಷನಲ್ ಆಫೀಸಿಗೂ ಹೇಳಿ.

ಊಟಕ್ಕೆ ಕರೆಯೋದ್ರಲ್ಲೂ ಇದೇ. ಮಂಡ್ಯ ಕಡೆ ಒಂದು ಮನೆಗೆ ಹೋದ್ರೆ ಬೇಡ ಬೇಡ ಅಂದ್ರೂ ಇನ್ನೊಂದು ಮುದ್ದೆ ಬಿದ್ದೇ ಬೀಳುತ್ತೆ. ಅಲ್ಲಿ ಒಂದೇ ಸಲ ಕೇಳೋದು, ಬೇಡ ಅಂದ್ರೆ ಬೇಡ ಅಂತಲೇ ತಿಳ್ಕೊತಾರೆ, ಹಸ್ಕೊಂಡಿದ್ದು ಮರ್ಯಾದೆಗೆ ಬೇಡ ಅಂದ್ರೆ ಹಸ್ಕೊಂಡೇ ಇರ್ತೀರ. ಬೇಕು ಅಂದ್ರೆ ಬೇಕು ಅನ್ನಿ. ನೀವು ಬಡಿಸುವಾಗ ಅವರು ಸಾಕು ಅಂದ್ರೆ ಅಲ್ಲಿಗೆ ನಿಲ್ಸಿ.

ಫ್ರೆಂಡು ಕಸಿನ್ನು ಯಾರಾದ್ರೂ ಬಂದು ರಾತ್ರಿ ಉಳಿಯೋದಾದ್ರೆ ಮೊದಲೇ ಗ್ರೂಪಲ್ಲಿ ಕೇಳಿ. ಮೆಟ್ಟಿಲಲ್ಲಿ ಸಿಕ್ಕೋ ಅಕ್ಕಪಕ್ಕದೋರಿಗೆ ಹಲೋ ಅನ್ನಿ, ವಯಸ್ಸಾದೋರು ಇದನ್ನ ತುಂಬಾ ಗಮನಿಸ್ತಾರೆ. ಮನೆಯೋರು ಇಂಗ್ಲಿಷ್ ಮಾತಾಡಿದ್ರೂ ದಿನಕ್ಕೆ ಹತ್ತು ನಿಮಿಷ ನನ್ ಜೊತೆ ಜರ್ಮನ್ ಮಾತಾಡಿ ಅಂತ ಕೇಳ್ಕೊಳ್ಳಿ, ಕೋರ್ಸಿಗಿಂತ ಬೇಗ ಬರುತ್ತೆ.

ಬರೀ ನಮ್ಮ ದೇಶದೋರೇ ಇರೋ ಫ್ಲಾಟಿಗೆ ಹೋದ್ರೆ ಈ ತಲೆಬಿಸಿ ಇಲ್ವಲ್ಲ ಅಂತ ಕೇಳ್ತಾರೆ. ಊಟ, ಹಬ್ಬ, ಜ್ವರ ಬಂದಾಗ ಗಂಜಿ, ಇವೆಲ್ಲ ದೊಡ್ಡ ಆಸರೆನೇ, ಕಮ್ಮಿ ಅಂತ ಹೇಳಲ್ಲ. ಆದ್ರೆ ಅಲ್ಲಿ ಅಡ್ಜಸ್ಟ್ ಮಾಡ್ಕೋ ಅನ್ನೋ ಮಾತು ಜಾಸ್ತಿ, ಯಾರೋ ಒಬ್ರು ದಿನಾ ಅಡುಗೆ ಮಾಡ್ತಾರೆ, ಇನ್ನೊಬ್ರು ದುಡ್ಡೇ ಹಾಕಲ್ಲ, ಹೆಣ್ಣುಮಕ್ಕಳಿದ್ರೆ ಕೆಲಸ ತಾನಾಗೇ ಅವರ ಮೇಲೆ ಬೀಳುತ್ತೆ. ಇಬ್ರ ರೂಮಲ್ಲಿ ಐದು ಜನ ಮಲಗಿ, ನೋಂದಣಿ ಇಬ್ಬರದ್ದು ಮಾತ್ರ ಮಾಡೋದೂ ಉಂಟು, ಅಂಥ ಕಡೆ ಹೋಗ್ಬೇಡಿ. ಅಲ್ಲೂ ಸರದಿ ಪಟ್ಟಿ ಬರ್ದು ಅಂಟಿಸಿ, ದುಡ್ಡು ಬರ್ದಿಡಿ. ನನ್ನನ್ನ ಕೇಳಿದ್ರೆ ಬೇರೆ ಬೇರೆ ದೇಶದೋರಿರೋ ಮನೆನೇ ಒಳ್ಳೇದು, ಕನ್ನಡ ಮಾತಾಡೋರು ಅದೇ ಊರಲ್ಲಿ ಒಂದು ಬಸ್ ದೂರದಲ್ಲಿದ್ರೆ ಸಾಕು.

ಬೇಜಾರಾದಾಗ, ಸರಿ ಹೋಗದಿದ್ದಾಗ

ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ನಮಗೂ ಅವರಿಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತೆ. ಡಿಸೆಂಬರಲ್ಲಿ ನಾಲ್ಕು ನಾಲ್ಕೂವರೆಗೆಲ್ಲಾ ಕತ್ತಲು. ಅಲ್ಲಿ ಸಂಜೆ ಐದೂವರೆ ಅಂದ್ರೆ ಇಲ್ಲಿ ರಾತ್ರಿ ಹತ್ತು, ಅಮ್ಮ ಮಲಗೋ ಹೊತ್ತು. ಅದಕ್ಕೇ ಅಲ್ಲಿ ಮಧ್ಯಾಹ್ನ ಊಟದ ಬಿಡುವಲ್ಲಿ ಮಾತಾಡೋ ಅಭ್ಯಾಸ ಮಾಡಿ, ಸಂಜೆ ಹೊತ್ತು ಮನೆಯೋರ ಜೊತೆ ಅಡುಗೆಮನೇಲಿ ಇರಿ. ರೂಮ್ ಬಾಗಿಲು ಹಾಕ್ಕೊಂಡು ದಸರಾ ಮೆರವಣಿಗೆ ಲೈವ್ ನೋಡ್ಕೊಂಡು ಒಬ್ಬರೇ ಅಳೋ ಬದ್ಲು ಅದನ್ನ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪಲ್ಲಿ ಹಾಕಿ, ಚಿನ್ನದ ಅಂಬಾರಿ ಹೊತ್ತ ಆನೆ ತೋರಿಸಿ ನೋಡಿ, ಎಲ್ರೂ ಬಂದು ಕೂತ್ಕೋತಾರೆ. ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಕನ್ನಡ ಸಂಘಗಳಿದಾವೆ, ರಾಜ್ಯೋತ್ಸವಕ್ಕೆ ಹೋಗಿ. ಹುಷಾರಿಲ್ಲ ಅಂದ್ರೆ ಮುಚ್ಚಿಡ್ಬೇಡಿ, ಪಕ್ಕದ ರೂಮಿನೋರಿಗೆ ಹೇಳಿ. ಆಂಬುಲೆನ್ಸ್‌ಗೆ 112, ಪೊಲೀಸ್‌ಗೆ 110, ಪ್ರಾಣಕ್ಕೆ ಅಪಾಯ ಇಲ್ದೇ ಇದ್ರೂ ರಾತ್ರಿ ಹೊತ್ತು ಡಾಕ್ಟರ್ ಬೇಕಾದ್ರೆ 116117.

ಎಲ್ಲಾ ಮಾಡಿದ್ರೂ ಕೆಲವು ಮನೆ ಹೊಂದಲ್ಲ. ಒಂದು ಸಲ ಎಲ್ರನ್ನೂ ಕೂರಿಸಿ ಮಾತಾಡಿ, ಆಗ್ಲಿಲ್ಲ ಅಂದ್ರೆ ಬಿಡಿ, ಅದ್ರಲ್ಲಿ ಅವಮಾನ ಏನಿಲ್ಲ. ಮಾಮೂಲಿ ಒಪ್ಪಂದಕ್ಕೆ ಮೂರು ತಿಂಗಳ ನೋಟಿಸ್ ಕೊಡ್ಬೇಕು, ಅದೂ ಕಾಗದದ ಮೇಲೆ ಕೈಯಲ್ಲಿ ಸಹಿ ಹಾಕಿ, ತಿಂಗಳ ಮೂರನೇ ಕೆಲಸದ ದಿನದೊಳಗೆ ಅವರಿಗೆ ತಲುಪ್ಬೇಕು, ಮೇಲ್ ವಾಟ್ಸ್ಯಾಪ್ ನಡೆಯಲ್ಲ. ಕೆಲವು ಒಪ್ಪಂದದಲ್ಲಿ ಒಂದು ವರ್ಷ ಬಿಡೋ ಹಾಗೇ ಇಲ್ಲ ಅಂತ ಇರುತ್ತೆ, ಸಹಿಗೆ ಮುಂಚೆ ನೋಡ್ಕೊಳ್ಳಿ. ಎಷ್ಟೋ ಕಡೆ ನಿಮ್ಮ ಜಾಗಕ್ಕೆ ಬೇರೆಯೋರ್ನ ಹುಡುಕಿ ಕೊಟ್ರೆ ಬೇಗ ಬಿಡ್ತಾರೆ, ಮನೆ ಕೊಟ್ಟೋರ್ನ ಕೇಳಿ. ಇನ್ನು ಈಗ ರೂಮ್ ಸಿಕ್ಕಿದ್ರೂ ಸರಿ, ಅಡ್ಮಿಶನ್ ಲೆಟರ್ ಬಂದ ದಿನವೇ ಆ ಊರಿನ ಸ್ಟುಡೀರೆಂಡೆನ್‌ವೆರ್ಕ್ (ವಿದ್ಯಾರ್ಥಿ ಹಾಸ್ಟೆಲ್ ನಡೆಸೋ ಸಂಸ್ಥೆ) ಹಾಸ್ಟೆಲಿಗೆ ಅರ್ಜಿ ಹಾಕಿಟ್ಟಿರಿ. ಮ್ಯೂನಿಕ್ ಥರ ಊರಲ್ಲಿ ಆ ಲಿಸ್ಟು ಸೆಮಿಸ್ಟರ್‌ಗಟ್ಲೆ ಉದ್ದ ಇರುತ್ತೆ, ಬೇಕು ಅನ್ಸಿದ ದಿನ ಹಾಕಿದ್ರೆ ಸಿಗಲ್ಲ.